ಒಂದೇ ನಂಬರಿನ ಮೂವತ್ತೆಂಟು ಹೆಸರು

ಶ್ರಾವಣದ ಮೊದಲ ಸೋಮವಾರ ನನ್ನ ಡೈರಿಯಲ್ಲಿ ಬರೆದದ್ದು ಮೂರೇ ಅಂಕಿ: ಫೈಲಿನಲ್ಲಿ ಮೂವತ್ತೆಂಟು ಸಾಲು, ಹೊಸದಾಗಿ ಸೇರಿದ್ದು ಒಂದು, ತಿದ್ದಿದ್ದು ಮೂವತ್ತೇಳು. ಅದರ ಮುಂದೆ ಒಂದು ಪ್ರಶ್ನೆಯ ಗುರುತು.

ಆಗ ನಾನು ಗಂಗಾವತಿಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಜಲಾಶಯದಿಂದ ಹೊಳೆಗೆ ನೀರು ಬಿಡುವ ಸುದ್ದಿ ಬಂದ ಕೂಡಲೇ ದಂಡೆಯ ಜನರ ಮೊಬೈಲಿಗೆ ಮೆಸೇಜು ಕಳಿಸಬೇಕು. ಹೆಸರು, ಊರು, ನಂಬರು ತುಂಬಿದ ಫೈಲನ್ನು ನಮ್ಮ ವೆಬ್‌ಸೈಟಿಗೆ ಹಾಕಿದರೆ ಎಲ್ಲ ಸಾಲುಗಳೂ ಒಂದೇ ಸಲಕ್ಕೆ ಒಳಗೆ ಹೋಗುತ್ತಿದ್ದವು. ಮೊದಲೇ ಇದ್ದವರ ವಿವರವನ್ನು ಅದು ತಿದ್ದುತ್ತಿತ್ತು, ಇಲ್ಲದವರನ್ನು ಹೊಸದಾಗಿ ಸೇರಿಸುತ್ತಿತ್ತು.

ಈ ಮೂವತ್ತೆಂಟು ಜನ ಯಲಬುರ್ಗಾ ಕಡೆಯಿಂದ ನೆಲ್ಲು ನಾಟಿಗೆ ಬಂದ ಹೆಂಗಸರ ಗುಂಪು. ಹೊಳೆಯ ನಡುವಿನ ವಿರೂಪಾಪುರಗಡ್ಡೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಎರಡೇ ದಿನವಾಗಿತ್ತು. ನಮ್ಮಲ್ಲಿ ಅವರ ಒಂದು ಹೆಸರೂ ಮೊದಲು ಇರಲಿಲ್ಲ. ಇಲ್ಲದವರನ್ನು ತಿದ್ದಿದ್ದು ಹೇಗೆ?

ಪ್ರೋಗ್ರಾಮ್ ಬರೆದವರು ಕೊಪ್ಪಳದಲ್ಲಿದ್ದರು. ಫೋನು ಮಾಡಿದೆ.

"ಹಸಿರು ಟಿಕ್ ಬಂತಿಲ್ಲೋ?"

"ಬಂದೈತ್ರಿ ಸರ್. ಆದ್ರ ಲೆಕ್ಕ ಕೂಡವಲ್ದು."

"ಟಿಕ್ ಬಂತಂದ್ರ ಮುಗೀತಲ್ಲವಾ. ನಿನ್ನ ಡೈರಿಗಿಂತ ಕಂಪ್ಯೂಟರ್‌ಗೆ ಲೆಕ್ಕ ಛಲೋ ಬರ್ತೈತಿ," ಎಂದು ನಕ್ಕರು.

ಮಧ್ಯಾಹ್ನ ಗೇಟು ತೆಗೆಯುವ ಸುದ್ದಿ ಬಂತು. ಒಂದು ಬಟನ್ ಒತ್ತಿದೆ, ಎಲ್ಲರಿಗೂ ಮೆಸೇಜು ಹೋಯಿತು. ಆದರೂ ಮನಸ್ಸು ತಡೆಯದೆ ಗಡ್ಡೆಯ ಗುಂಪನ್ನು ಹುಡುಕಿದೆ. ಪರದೆಯ ಮೇಲೆ ಒಬ್ಬಳೇ ಹೆಂಗಸಿನ ಹೆಸರಿತ್ತು. ಬೇರೆ ಯಾರೂ ಇರಲಿಲ್ಲ.

ಮೂಲ ಕಾಗದ ತೆಗೆದು ನೋಡಿದಾಗ ಗೊತ್ತಾಯಿತು. ಗುಂಪಿನ ಅಷ್ಟೂ ಜನ ತಮ್ಮ ಮೇಸ್ತ್ರಿಯ ನಂಬರನ್ನೇ ಬರೆಸಿದ್ದರು. ಊರಿಂದ ಯಾರು ಫೋನು ಮಾಡಿದರೂ ಅವನಿಗೇ ಮಾಡುವುದು ಅವರ ರೂಢಿ. ನಮ್ಮ ಪ್ರೋಗ್ರಾಮಿಗೆ ಒಂದು ನಂಬರು ಎಂದರೆ ಒಬ್ಬ ಮನುಷ್ಯ. ಎರಡನೆಯವಳು ಬಂದಾಗ ಮೊದಲನೆಯವಳ ಹೆಸರು ಅಳಿಸಿ ಅಲ್ಲಿ ಇವಳದನ್ನು ಬರೆದಿತ್ತು, ಮೂರನೆಯವಳು ಬಂದಾಗ ಎರಡನೆಯವಳದು ಹೋಗಿತ್ತು. ಕೊನೆಯ ಸಾಲಿನವಳು ಮಾತ್ರ ಉಳಿದಿದ್ದಳು.

ಮೇಸ್ತ್ರಿಗೆ ಫೋನು ಹಚ್ಚಿದೆ. ಅವನು ಸಿದ್ದಾಪುರದಲ್ಲಿ ಇನ್ನೊಂದು ಗುಂಪಿನ ಜೊತೆ ಇದ್ದ.

"ಬಂದೈತವಾ ಮೆಸೇಜು. ಒಬ್ಬಾಕಿ ಹೆಸರ ಹಾಕಿ, ಮ್ಯಾಲಕ್ಕ ಹೋಗ್ರಿ ಅಂತ ಇತ್ತು. ಟಂಟಂ ಡ್ರೈವರ್ ಕೈಲೆ ಆಕಿಗೆ ಹೇಳಿ ಕಳ್ಸೀನಿ."

"ಉಳಿದವರಿಗ್ರಿ?"

"ಅವರ ಹೆಸರ ಬಂದಿಲ್ಲಲ್ಲ. ಯಾರಿಗೆ ಹೇಳಬೇಕಂತ ನಿಮಗ ಗೊತ್ತಿರ್ತೈತಲ್ಲವಾ."

ಆಫೀಸಿನ ಅಕ್ಕ ಸ್ಕೂಟಿ ತೆಗೆದಳು. ಕಾಗದ ಹಿಡಿದು ಹಿಂದೆ ಕುಳಿತೆ. ನಾನು ಕುಷ್ಟಗಿಯವಳು, ತುಂಬಿದ ಹೊಳೆ ನೋಡಿದವಳಲ್ಲ. ಗಡ್ಡೆಗೆ ದಾಟುವ ಸಣ್ಣ ಸೇತುವೆಯ ಹೊಟ್ಟೆಗೆ ಆಗಲೇ ಕೆಂಪು ನೀರು ತಾಗುತ್ತಿತ್ತು.

ಹುಣಸೆ ಮರದ ಕೆಳಗೆ ಆ ಹೆಂಗಸು ಗಂಟು ಕಟ್ಟಿಕೊಂಡು, ಎರಡು ಮಕ್ಕಳನ್ನು ಹಿಡಿದು ನಿಂತಿದ್ದಳು. ಉಳಿದವರು ಗುಡಿಸಲ ಮುಂದೆ ಬುತ್ತಿ ಬಿಚ್ಚಿದ್ದರು.

"ನೋಡ್ರಿ ಅಕ್ಕಾರ, ಹೊಳಿಗೆ ಈಕಿ ಮ್ಯಾಲೆ ಮನಸಾಗೇತಿ," ಎಂದು ಒಬ್ಬಳು ನಕ್ಕಳು. "ನಮ್ಮನ್ನ ಕೇಳಾಕ ಒಲ್ಲದು, ಈಕಿನ್ನ ಹೆಸರ ಹಿಡದು ಕರದೈತಿ!"

ಮರದ ಕೆಳಗಿದ್ದವಳು ನಗಲಿಲ್ಲ. ನನ್ನ ಕೈ ಹಿಡಿದಳು. "ತಂಗಿ, ಇಷ್ಟ ಮಂದಿಯೊಳಗ ನನ್ನ ಹೆಸರ ಒಂದ ಯಾಕ ಬಂತು?"

ನೀರು ಎಲ್ಲರಿಗೂ ಬರುತ್ತದೆ ಎಂದು ಹೇಳಿದೆ. ಯಾರೂ ಏಳಲಿಲ್ಲ. "ನಮಗ ಮೆಸೇಜ್ ಬಂದಿಲ್ಲ್ರಿ," ಎಂದರು. ಆಗ ಕಾಗದ ಬಿಚ್ಚಿ ಒಂದೊಂದೇ ಹೆಸರು ಗಟ್ಟಿಯಾಗಿ ಓದಿದೆ. ತನ್ನ ಹೆಸರು ಕೇಳಿದವಳು ಮುಖದ ನಗೆ ಅಳಿಸಿಕೊಂಡು ಎದ್ದಳು. ಹಾಗೇ ಎಲ್ಲರೂ ಎದ್ದರು. ಸೇತುವೆ ದಾಟಿ ಈಚೆಯ ಶಾಲೆಯಲ್ಲಿ ಎಲ್ಲರನ್ನೂ ಇಳಿಸಿದೆವು.

ಮಂಗಳವಾರ ಕೊಪ್ಪಳದವರು ಪ್ರೋಗ್ರಾಮು ಬದಲಿಸಿದರು. ಇನ್ನು ಹೆಸರು, ನಂಬರು ಎರಡೂ ಒಂದೇ ಇದ್ದರೆ ಮಾತ್ರ ಅದೇ ಮನುಷ್ಯ. ಅದೇ ಫೈಲು ಮತ್ತೆ ಹಾಕಿದೆ: ಮೂವತ್ತೇಳು ಸೇರಿದವು, ಮೊದಲಿದ್ದ ಒಂದನ್ನು ತಿದ್ದಿತು. ಲೆಕ್ಕ ಕೂಡಿತು. ಪರೀಕ್ಷೆಗೆಂದು ಎಲ್ಲರಿಗೂ ಒಂದು ಮೆಸೇಜು ಬಿಟ್ಟೆವು.

ಸಂಜೆಗೆ ಮೇಸ್ತ್ರಿಯ ಫೋನು. "ಏನವಾ, ಮೂವತ್ತೆಂಟು ಸಲ ಬಡಕೊಂತು ನನ್ನ ಫೋನು! ಇನ್ನೊಮ್ಮೆ ಹಿಂಗಾತಂದ್ರ ಬಂದ್ ಮಾಡಿ ಇಡಾಂವ ನೋಡು."

ಬುಧವಾರ ನೀರು ಇಳಿಯಿತು. ನಾಟಿ ತಡವಾದರೆ ಸಸಿ ಬಲಿಯುತ್ತದೆ ಎಂದು ಗುಂಪು ಗಡ್ಡೆಗೆ ವಾಪಸು ಹೋಯಿತು.

ಗುರುವಾರ ಮಧ್ಯಾಹ್ನ ಮತ್ತೆ ಸುದ್ದಿ ಬಂತು. ಈ ಸಲ ತೆಗೆಯುವ ಗೇಟು ಹೆಚ್ಚು. ಬಟನ್ ಒತ್ತಿದೆ. ಮೂವತ್ತೆಂಟೂ ಹೆಸರಿನ ಮುಂದೆ ಹಸಿರು ಟಿಕ್ ಬಂತು. ಆ ಮೂವತ್ತೆಂಟೂ ಹೋದದ್ದು ಒಂದೇ ಫೋನಿಗೆ. ಮೇಸ್ತ್ರಿಗೆ ಫೋನು ಹಚ್ಚಿದೆ. ಸ್ವಿಚ್ ಆಫ್.

ಮತ್ತೆ ಅಕ್ಕನ ಸ್ಕೂಟಿ ಹತ್ತಿದೆ. ಸೇತುವೆ ಕಾಣುವ ಮೊದಲೇ ಹೊಳೆಯ ಸದ್ದು ಕೇಳಿಸಿತು. ಅಲ್ಲಿ ಹೋದರೆ ಸೇತುವೆ ಕಾಣಲಿಲ್ಲ, ಅದರ ಮೇಲೆ ನೀರು ಓಡುತ್ತಿತ್ತು. ಆಚೆ ಗುಡಿಸಲುಗಳೂ ಇರಲಿಲ್ಲ. ಅವುಗಳ ಹಿಂದಿನ ಬಂಡೆಯ ಮೇಲೆ ಜನ ಗುಂಪಾಗಿ ನಿಂತಿದ್ದರು.

ಅಕ್ಕ ದೋಣಿಗಾಗಿ ಸಿಕ್ಕಸಿಕ್ಕವರಿಗೆ ಫೋನು ಹಚ್ಚುತ್ತಿದ್ದಳು. ನಾನು ಎಣಿಸಿದೆ. ಮೂರು ಸಲ ಎಣಿಸಿದರೂ ಮೂರು ಬೇರೆ ಲೆಕ್ಕ. ಕಾಗದ ತೆಗೆದು ಕೂಗತೊಡಗಿದೆ. ಕೇಳಿಸಿಕೊಂಡವರು ಕೈ ಎತ್ತಿದರು, ಕೇಳಿಸದವರನ್ನು ಪಕ್ಕದವರು ತಿವಿದರು. ಒಂದೊಂದು ಕೈಗೆ ಒಂದೊಂದು ಗೆರೆ ಎಳೆದೆ. ಮೂವತ್ತೇಳು ಗೆರೆ.

ಕೊನೆಯ ಹೆಸರು ಅಂದು ಹುಣಸೆ ಮರದ ಕೆಳಗೆ ನಿಂತವಳದೇ. ಕೂಗಿದೆ. ಕೈ ಮೇಲೇಳಲಿಲ್ಲ. ಮತ್ತೆ ಕೂಗಿದೆ. ಬಂಡೆಯ ತುದಿಯಿಂದ ಒಬ್ಬಳು ಮುಂದೆ ಬಂದಳು. ಎರಡೂ ಕಂಕುಳಲ್ಲಿ ಮಕ್ಕಳಿದ್ದರು, ಎತ್ತಲು ಅವಳಿಗೆ ಕೈಯೇ ಇರಲಿಲ್ಲ.

ಗೆರೆ ಎಳೆದೆ. ಅವಳ ಕಾಲ ಬಳಿ ನೀರು ಇನ್ನೂ ಏರುತ್ತಿತ್ತು, ದೋಣಿ ಇನ್ನೂ ಬಂದಿರಲಿಲ್ಲ.