ಹತ್ತರ ಮೇಲೊಂದು ಪೌಂಡು

ಅವರ ಪೊರಕೆಯ ಕೋಲಿನ ತುದಿಗೆ ಕೆಂಪು ಉಲ್ಲನ್ನಿನ ಕಾಲುಚೀಲ ತೊಡಿಸಿತ್ತು, ಸೀಲಿಂಗಿನ ಬಣ್ಣ ಕಿತ್ತುಹೋಗಬಾರದು ಅಂತ. ಲಂಡನ್ನಿನ ಟೂಟಿಂಗಿನ ಆ ಮನೆಯಲ್ಲಿ ಕೆಳಗೆ ವಯಸ್ಸಾದ ಅವರೊಬ್ಬರೇ, ಮೇಲೆ ಬಾಡಿಗೆಗೆ ನಾನು. ಅವರ ಸೀಲಿಂಗೇ ನನ್ನ ನೆಲ. ಕೆಳಗಿನಿಂದ ಮೂರು ಬಡಿತ ಬಿದ್ದರೆ ‘ಸಾಕು, ಬಾಯಿ ಮುಚ್ಚು’. ಎರಡು ಬಿದ್ದರೆ ‘ಕೆಳಗೆ ಬಾ, ಊಟ ಇದೆ’. ಮೊದಲ ತಿಂಗಳೆಲ್ಲ ಬರೀ ಮೂರೇ ಬಿದ್ದವು.

ತಪ್ಪು ನನ್ನ ಬಾಯಿಯದು. ನಾನು ಎಲ್ಲರ ದನಿ ತೆಗೆಯುವವನು. ಎಜ್‌ವೇರ್‌ನಲ್ಲಿ ನಮ್ಮ ಕನ್ನಡದವರು ಯುಗಾದಿಗೆ ಸೇರಿದಾಗ, ಧಾರವಾಡದ ಡಾಕ್ಟರ್ ಮಾಮಾ “ಏನಪಾ, ಬೀಪಿ ತೋರಿಸಿಯೇನು?” ಅನ್ನುವುದನ್ನೂ, ಬೆಂಗಳೂರಿನ ಅಣ್ಣನೊಬ್ಬ ಮನೆ ಸಾಲದ ಬಡ್ಡಿಗೆ ಶೋಕಾಚರಣೆ ಮಾಡುವುದನ್ನೂ ಅವರ ಎದುರಿಗೇ ಮಾಡಿ ತೋರಿಸುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು, ನನಗೊಂದು ಡಬ್ಬಿ ಹೋಳಿಗೆ ಕಟ್ಟಿಕೊಟ್ಟು, ಕಾರು ಹತ್ತಿ ಹೋಗುತ್ತಿದ್ದರು. ನಾನು ನಾರ್ದರ್ನ್ ಲೈನಿನ ರೈಲಿನಲ್ಲಿ ಹೆಚ್ಚುಕಮ್ಮಿ ಆ ತುದಿಯಿಂದ ಈ ತುದಿಗೆ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಯಾರ ದನಿಯನ್ನೂ ತೆಗೆಯದೆ ಬರುತ್ತಿದ್ದೆ.

ನನ್ನ ಅತ್ಯುತ್ತಮ ಐಟಂಗೆ ಮಾತ್ರ ಒಬ್ಬಳೇ ಪ್ರೇಕ್ಷಕಿ, ಮೈಸೂರಿನಲ್ಲಿರುವ ನನ್ನಮ್ಮ. ಓದು ಮುಗಿಸಿದ ಮೇಲೆ ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿತು ಅಂತ ಹೇಳಿಬಿಟ್ಟಿದ್ದೆ. ನಿಜಕ್ಕೂ ನಾನು ಇಲ್ಲೇ ಎರಡು ಬೀದಿಯಾಚೆ ಒಂದು ಹೋಟೆಲಿನಲ್ಲಿ ದೋಸೆಗೆ ಹಿಟ್ಟು ರುಬ್ಬುತ್ತಿದ್ದೆ. ಬೆಳಿಗ್ಗೆ ಅಮ್ಮನ ಫೋನ್ ಬಂದರೆ ಹಾಸಿಗೆಯ ಮೇಲೆ ಕೂತುಕೊಂಡೇ ರೈಲಿನ ಬಾಗಿಲು ಮುಚ್ಚುವ ಬೀಪ್, ಗಾಲಿಗಳ ಗಡಗಡ, ಮುಂದಿನ ನಿಲ್ದಾಣದ ಹೆಸರು ಹೇಳುವ ಹೆಂಗಸಿನ ನಯವಾದ ದನಿ, ಎಲ್ಲ ಬಾಯಲ್ಲೇ ಹೊರಡಿಸುತ್ತಿದ್ದೆ. “ಆಫೀಸು ಬಂತಮ್ಮ, ಇಡ್ತೀನಿ.”

ಹಾಗೆ ಇಟ್ಟ ಒಂದು ಬೆಳಿಗ್ಗೆ ಎರಡು ಬಡಿತ ಬಿತ್ತು. ಇಳಿದು ಹೋದೆ. ಎಂಬತ್ತರ ಆಸುಪಾಸಿನ ಎತ್ತರದ ಹೆಂಗಸು, ಕೈಯಲ್ಲಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಬೇಬಿ, ನನ್ನ ತಲೆ ಮೇಲೆ ದಿನಾ ಒಂದು ರೈಲು ಹೋಗತ್ತೆ. ಅದರಿಂದ ಯಾರೂ ಇಳಿಯೋದೇ ಇಲ್ಲವಲ್ಲ, ಯಾಕೆ?”

ಮೀಸೆ ಹೊತ್ತವನನ್ನು ಬೇಬಿ ಅಂದದ್ದಕ್ಕೆ ಸಿಟ್ಟು ಮಾಡಿಕೊಳ್ಳೋಣವೆಂದರೆ ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿಯಂಥದೇನೋ ಇತ್ತು. ಕೂತು ತಿಂದೆ. ಆವತ್ತಿನಿಂದ ಅವರು ನನಗೆ ಅಜ್ಜಿ.

ಅಜ್ಜಿ ಹುಟ್ಟಿದ್ದು ಅಮೆರಿಕದ ಜಾರ್ಜಿಯಾದ ಹತ್ತಿ ಸೀಮೆಯಲ್ಲಿ, ಕಪ್ಪು ಜನರ ಕೇರಿಯಲ್ಲಿ. ಲಂಡನ್ನಿನವರೊಬ್ಬರನ್ನು ಮದುವೆಯಾಗಿ ಬಂದವರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಟೈರ್ ಅಂಗಡಿಯ ಹಿಂದಿನ ಸಣ್ಣ ಚರ್ಚೇ ಅವರ ನೆಂಟರು. ಅಲ್ಲಿಯವರ ಮೂಲ ಹೆಚ್ಚಾಗಿ ಜಮೈಕಾ, ಘಾನಾ. ಅವರಿಗೆಲ್ಲ ಇವರು ‘ಮದರ್’.

ಆ ಚರ್ಚಿಗೆ ಅಜ್ಜಿ ತಮ್ಮ ತವರಿನ ಒಂದು ಪದ್ಧತಿ ತಂದಿದ್ದರು. “ನಮ್ಮವರಿಗೆ ಬ್ಯಾಂಕಿನವರು ಸಾಲ ಕೊಡ್ತಿರಲಿಲ್ಲ, ಬೇಬಿ. ಅದಕ್ಕೇ ಚರ್ಚಿನವರೇ ಕೂಡಿಹಾಕಿ ಒಬ್ಬರಿಗೆ ಹೊಲಿಗೆ ಮಿಷನ್ನು, ಇನ್ನೊಬ್ಬರಿಗೆ ಕ್ಷೌರದ ಕುರ್ಚಿ ಕೊಡಿಸ್ತಿದ್ರು. ನಮ್ಮಪ್ಪನಿಗೆ ಸಿಕ್ಕಿದ್ದು ಹೇಸರಗತ್ತೆ.” ತಿಂಗಳ ಮೊದಲ ಭಾನುವಾರ ದುಡಿಮೆಗೆ ಏನಾದರೂ ಬೇಕಾದವರು ಎದ್ದು ನಿಂತು ಎಲ್ಲರೆದುರು ಕೇಳಬೇಕು. ಆಮೇಲೆ ಪ್ರತಿಯೊಬ್ಬರೂ ಸಾಲಾಗಿ ನಡೆದುಬಂದು ಹಿತ್ತಾಳೆ ಹರಿವಾಣಕ್ಕೆ ಒಂದು ಕವರು ಹಾಕಬೇಕು. ಇಲ್ಲದವರು ಖಾಲಿ ಕವರು ಹಾಕಬಹುದು, ಆದರೆ ಕೂತಿರುವಂತಿಲ್ಲ. ಯಾರು ಎಷ್ಟು ಹಾಕಿದರು ಎಂದು ಯಾರಿಗೂ ತಿಳಿಯಬಾರದು.

ನಾನೋ ಮದುವೆಮನೆಗಳಲ್ಲಿ ಮುಯ್ಯಿ ಮಾಡುವುದನ್ನು ನೋಡಿ ಬೆಳೆದವನು. ಮೊದಲ ಸಲ ಹೋದಾಗ ಹತ್ತು ಪೌಂಡಿನ ನೋಟು, ಮೇಲೊಂದು ಪೌಂಡಿನ ನಾಣ್ಯ ಇಟ್ಟು, ಕವರಿನ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ಇನಿಶಿಯಲ್ಲು, ಕೆಳಗೆ ‘ಮೈಸೂರು’ ಅಂತ ಬರೆದು ಗಂಭೀರವಾಗಿ ಹಾಕಿದೆ.

ಠಣ್!

ಇಡೀ ಚರ್ಚು ನನ್ನತ್ತ ತಿರುಗಿತು. ಬರೀ ನೋಟಿನ ಕವರು ಬೀಳುವ ಆ ಹರಿವಾಣ ಸದ್ದು ಮಾಡಿದ್ದನ್ನು ಅವರು ಯಾವತ್ತೂ ಕೇಳಿರಲಿಲ್ಲ. ಪಾದ್ರಿಗಳು ಕೆಮ್ಮಿನಲ್ಲಿ ನಗು ನುಂಗಿದರು.

ಮನೆಗೆ ಬಂದ ಮೇಲೆ ಅಜ್ಜಿ ಕೇಳಿದರು. “ಎಲ್ಲರ ಕವರೂ ಬಾಯಿ ಮುಚ್ಚಿಕೊಂಡಿರತ್ತೆ. ನಿನ್ನದೂ ನಿನ್ನ ಹಾಗೇನಾ? ಆ ಒಂದು ಯಾಕೆ?”

“ಬರೀ ಹತ್ತು ಕೊಟ್ಟರೆ ಅಲ್ಲಿಗೆ ಮುಗೀತು ಅಂತ ಆಗತ್ತೆ ಅಜ್ಜಿ. ಮೇಲೊಂದು ಇಟ್ಟರೆ ಮುಗಿಯಲ್ಲ. ಮತ್ತೆ ಹೋಗೋದು ಬರೋದು ಇರತ್ತೆ ಅಂತ.”

ಅವರು ಸೌಟನ್ನು ಪಾತ್ರೆಯ ಮೇಲಿಟ್ಟು ನನ್ನತ್ತ ತಿರುಗಿದರು. “ನಿನ್ನ ಬಾಯಿಂದ ಬಂದ ಮೊದಲನೇ ಉಪಯೋಗದ ಮಾತು” ಅಂದರು.

ಆಮೇಲೆ ಹೋಟೆಲು ಮುಚ್ಚಿತು. ನಾನು ತಿಂಗಳು ತಿಂಗಳು ಖಾಲಿ ಕವರು ಹಾಕತೊಡಗಿದೆ. ಅಮ್ಮನಿಗೆ ಮಾತ್ರ ರೈಲು ತಪ್ಪದೆ ಓಡುತ್ತಿತ್ತು. ನನಗೆ ಬೇಕಿದ್ದದ್ದು ಒಂದು ದೊಡ್ಡ ಗ್ರೈಂಡರ್. ಮನೆಯಲ್ಲೇ ಹಿಟ್ಟು ರುಬ್ಬಿ ಮಾರಬಹುದಿತ್ತು. ಅದೂ ಆಗದಿದ್ದರೆ ಪೆಟ್ಟಿಗೆ ಕಟ್ಟಿ, ಇಲ್ಲದ ಬ್ಯಾಂಕಿಗೆ ರಾಜೀನಾಮೆ ಕೊಟ್ಟವನ ಹಾಗೆ ಮೈಸೂರಿಗೆ ಹೋಗಿ ನಿಲ್ಲಬೇಕಿತ್ತು. ಅಜ್ಜಿಗೆ ಎಲ್ಲ ಗೊತ್ತಿತ್ತು.

“ನನ್ನ ಪರವಾಗಿ ನೀವೇ ಕೇಳಿಬಿಡಿ ಅಜ್ಜಿ.”

“ನಾನು ಕೇಳಿದರೆ ದಾನ ಆಗತ್ತೆ. ನೀನು ಕೇಳಿದರೆ ಪಾಲು. ಪಾಲನ್ನ ಅವರವರ ಬಾಯಲ್ಲೇ ಕೇಳಬೇಕು.”

ಒಂದು ಭಾನುವಾರ ಎದ್ದು ನಿಂತೆ. ಅಷ್ಟೂ ಮುಖಗಳು ನನ್ನನ್ನೇ ನೋಡಿದವು. ಏನು ಮಾಡಿದೆ? ಪಾದ್ರಿಗಳ ಕೆಮ್ಮು, ಪಿಯಾನೋದವರ ಆಕಳಿಕೆ, ಅಜ್ಜಿಯ ‘ಬೇಬಿ’, ಎಲ್ಲ ತೆಗೆದೆ. ಚರ್ಚು ಬಿದ್ದುಬಿದ್ದು ನಕ್ಕಿತು. ನಾನು ಸಲಾಮು ಹೊಡೆದು ಕೂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಯಾಚೆ ನೋಡುತ್ತ ಅಂದರು, “ನಗಿಸಿದೆ. ಕೇಳಲಿಲ್ಲ.” ಇನ್ನೆರಡು ಸ್ಟಾಪು ದಾಟಿದ ಮೇಲೆ, “ನಮ್ಮಪ್ಪ ಮೂರು ಸಲ ಎದ್ದು ಮೂರು ಸಲ ಕೂತುಬಿಟ್ಟಿದ್ದ. ನಾಲ್ಕನೇ ಸಲ ಹೇಸರಗತ್ತೆ ಅಂದ.”

ಚಳಿಗಾಲದಲ್ಲಿ ಅವರ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ನೋಡಲು ಹೋದರೆ ಉಸಿರಿನ ನಡುವೆ ಕೇಳಿದ್ದು ಒಂದೇ. “ಮೊದಲ ಭಾನುವಾರ ಯಾವತ್ತು?”

“ನಾಳೆ.”

“ನನ್ನ ಜಾಗ ಖಾಲಿ ಬಿಡಬೇಡ. ಅಲ್ಲಿ ಕೂತ್ಕೋ.”

ಕೂತೆ. ಮುಂದಿನ ಸಾಲು, ಎಡಗಡೆಯ ತುದಿ. ಕರೆ ಬಂದಾಗ ಎದ್ದೆ. ಯಾರ ದನಿಯೂ ನೆರವಿಗೆ ಬರಲಿಲ್ಲ. “ನನಗೆ ಕೆಲಸ ಇಲ್ಲ” ಅಂದೆ. “ಹಿಟ್ಟು ರುಬ್ಬೋಕೆ ಬರತ್ತೆ. ಒಂದು ದೊಡ್ಡ ಗ್ರೈಂಡರ್ ಬೇಕು.” ನನ್ನ ಸ್ವಂತ ದನಿ ಇಷ್ಟು ಪೀಚಲು ಅಂತ ನನಗೇ ಗೊತ್ತಿರಲಿಲ್ಲ. ಹಿಂದಿನ ಸಾಲಿನಿಂದ ಮುದುಕರೊಬ್ಬರು “ಇನ್ನೊಂದು ಸಲ ಹೇಳು ಮಗಾ, ಕೇಳಿಸಲಿಲ್ಲ” ಅಂದರು. ಇನ್ನೊಂದು ಸಲ ಹೇಳಿದೆ. ಯಾರೂ ನಗಲಿಲ್ಲ.

ಸಾಲು ಹೊರಟಿತು. ಮೊದಲ ಕವರು ಬಿತ್ತು. ಠಣ್. ಎರಡನೆಯದು. ಠಣ್. ಮೂರನೆಯದೂ. ನಾನು ತಲೆಯೆತ್ತಿದೆ. ಪಾದ್ರಿಗಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು, “ನೀನು ಕೇಳಿದ ದಿನ ಎಲ್ಲರೂ ಮೇಲೊಂದು ಹಾಕಬೇಕು ಅಂತ ಮದರ್ ಹೇಳಿದ್ದರು. ಐದು ತಿಂಗಳಿಂದ ಜೇಬಿನಲ್ಲಿ ಒಂದು ನಾಣ್ಯ ಇಟ್ಟುಕೊಂಡು ಬರ್ತಿದ್ದೀವಿ, ಹಾಗೇ ತೆಗೆದುಕೊಂಡು ಹೋಗ್ತಿದ್ದೀವಿ.”

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಕಿವಿಯ ಹತ್ತಿರ ಬಗ್ಗಿ ಆ ಹರಿವಾಣದ ದನಿ ತೆಗೆದೆ. ದಪ್ಪ ಕವರಿನ ಠಣ್, ಸಣ್ಣ ಮಗು ಎಸೆದ ಕವರಿನ ಠಣ್, ಊರುಗೋಲಿನವರು ನಿಧಾನಕ್ಕೆ ಬಂದು ಹಾಕಿದ ಠಣ್, ಒಂದನ್ನೂ ಬಿಡದೆ. ಪಕ್ಕದ ಹಾಸಿಗೆಯವರು ನರ್ಸನ್ನು ಕರೆಯಲೋ ಬೇಡವೋ ಎಂದು ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ ಅಜ್ಜಿಯ ಬೆರಳು ಮಂಚದ ಸರಳನ್ನು ಎರಡು ಸಲ ಬಡಿಯಿತು.

ಬುಧವಾರ ಹೋದರು.

ಆ ವಾರ ಅಮ್ಮನ ಫೋನ್ ಬಂದಾಗ “ಅಮ್ಮ, ನಾನು ರೈಲಲ್ಲಿಲ್ಲ” ಅಂದೆ.

“ಗೊತ್ತು ಕಣೋ” ಅಂದಳು ಅಮ್ಮ. “ಇಷ್ಟು ದಿನ ಆಯ್ತು, ನಿಮ್ಮ ರೈಲಲ್ಲಿ ಒಬ್ಬರೂ ಕೆಮ್ಮಿದ್ದು ಕೇಳಲಿಲ್ಲ ನಾನು.”

ಈಗ ಟೂಟಿಂಗಿನ ನಾಲ್ಕು ಅಂಗಡಿಗಳಿಗೆ ನನ್ನ ಹಿಟ್ಟು ಹೋಗುತ್ತದೆ. ಮೊದಲ ಭಾನುವಾರ ತಪ್ಪಿಸುವುದಿಲ್ಲ, ಹತ್ತರ ಮೇಲೊಂದು. ಕೆಳಗಿನ ಮನೆ ಇನ್ನೂ ಖಾಲಿ. ಬೆಳಿಗ್ಗೆ ಗ್ರೈಂಡರ್ ಹಾಕಿದರೆ ನೆಲವೆಲ್ಲ ಅದುರುತ್ತದೆ, ಖಂಡಿತ ಮೂರು ಬಡಿತದ ಗಲಾಟೆ. ನಡುನಡುವೆ ಸ್ವಿಚ್ಚು ಆರಿಸಿ ನಿಲ್ಲುತ್ತೇನೆ. ಹಿಟ್ಟು ನುಣ್ಣಗಾಯಿತೋ ಇಲ್ಲವೋ ನೋಡುವುದಕ್ಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.