ಕೆರೆಯಾಚೆ ನಿಂತವರು

ಆ ಊರಿನ ಹೆಸರನ್ನು ಬರೆಯುವುದಿಲ್ಲ. ಆಳಂದ ತಾಲ್ಲೂಕಿನ ಸಣ್ಣ ಊರು. ಬಸ್ಸು ನಿಲ್ಲುವ ಕ್ರಾಸಿನಿಂದ ಹತ್ತು ನಿಮಿಷ ನಡೆದರೆ ಕೆರೆ. ಅಲ್ಲಿಯ ಹೆಂಗಸರಿಗೆ ಮೂರು ಭಾನುವಾರ ನಾನು ಕೊಟ್ಟ ಕಾಟ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಹೊಸತು. ಚಿತ್ರದುರ್ಗದ ಕಡೆಯವನಾದ ನನಗೆ ಇಲ್ಲಿ ಗುರುತಿನವರು ಯಾರೂ ಇರಲಿಲ್ಲ. ಇದ್ದದ್ದು ಹಕ್ಕಿ ನೋಡುವ ಹುಚ್ಚು, ಜೊತೆಗೊಂದು ಹಳೆಯ ದುರ್ಬೀನು. ಬೈಕಿಲ್ಲ, ಹಾಗಾಗಿ ಬಸ್ಸು ಹೋದಲ್ಲೇ ನನ್ನ ಹಕ್ಕಿ. ಭೀಮಾ ನದಿ ನೋಡೋಣವೆಂದು ಅಫಜಲಪುರದ ದಾರಿ ಹಿಡಿದರೆ, ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಚೌಡಾಪುರದಲ್ಲಿ ಇನ್ನೊಂದಕ್ಕೆ ಕಾದು, ನೀರು ಕಾಣುವಷ್ಟರಲ್ಲಿ ಹನ್ನೊಂದು ಗಂಟೆ. ಆ ಬಿಸಿಲಿಗೆ ಹಕ್ಕಿಯಿರಲಿ, ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಜೇವರ್ಗಿಯ ಕಡೆಯೂ ಅದೇ ಕಥೆ. ಹೊಳೆಯ ಸೇತುವೆ ಹತ್ತಿರ ಇಳಿಸಿ ಅಂದದ್ದಕ್ಕೆ ಕಂಡಕ್ಟರ್ ನನ್ನ ಮುಖವನ್ನೇ ನೋಡಿ, "ಬ್ರಿಜ್ಜಿನ ಮ್ಯಾಲ ಯಾಕ್ರಿ? ಮನ್ಯಾಗ ಎಲ್ಲಾ ಆರಾಮ ಅದಾರಲ್ರಿ?" ಎಂದು ಮೆಲ್ಲಗೆ ವಿಚಾರಿಸಿದ.

ಕೊನೆಗೆ ಸಿಕ್ಕಿದ್ದು ಈ ಕೆರೆ. ನಸುಕಿನ ಮೊದಲ ಬಸ್ಸು ಹತ್ತಿದರೆ ಇನ್ನೂ ಮಬ್ಬುಗತ್ತಲು ಇರುವಾಗಲೇ ಏರಿಯ ಮೇಲಿರುತ್ತಿದ್ದೆ. ಸಂಕ್ರಾಂತಿ ಕಳೆದಿತ್ತು. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ತುಂಬ. ಆಚೆ ದಡದಲ್ಲಿ ಜಾಲಿಕಂಟಿಗಳು, ಅವುಗಳ ಪಕ್ಕ ಏಳೆಂಟು ಹೆಂಗಸರು ಸಾಲಾಗಿ ನಿಂತಿರುತ್ತಿದ್ದರು. ಬೆಳಕು ಹರಿದು ನಾನು ಹೊರಡುವವರೆಗೂ ನಿಂತೇ ಇರುತ್ತಿದ್ದರು. ನನ್ನನ್ನು ನೋಡಿ ಇವರಿಗೂ ಹಕ್ಕಿಯ ಆಸೆ ಹುಟ್ಟಿದೆ ಎಂದುಕೊಂಡೆ. ಎಂದುಕೊಂಡದ್ದಷ್ಟೇ ಅಲ್ಲ, ಹಾಸ್ಟೆಲಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಐದು ಜನ ಗೆಳೆಯರು ನಾವೂ ಬರುತ್ತೇವೆ ಅಂದರು. ಮೊದಲು ನಾನೊಬ್ಬನೇ ಇನ್ನೊಮ್ಮೆ ಹೋಗಿ ಬರುತ್ತೇನೆ ಅಂದೆ.

ಆ ಮೂರನೆಯ ಭಾನುವಾರ ದುರ್ಬೀನನ್ನು ಅವರತ್ತ ತಿರುಗಿಸಿ, ಕೈಯೆತ್ತಿ ಬೀಸಿದೆ. ಯಾರೂ ತಿರುಗಿ ಬೀಸಲಿಲ್ಲ. ಒಬ್ಬೊಬ್ಬರಾಗಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಆ ದಡದಿಂದ ಕೆರೆ ಸುತ್ತಿಕೊಂಡು ನನ್ನ ಹತ್ತಿರ ಬಂದಳು. ಕೈಯಲ್ಲಿ ನೀರು ತುಂಬಿದ ತಂಬಿಗೆ.

"ತಮ್ಮಾ, ಸರ್ವೇ ಮಾಡಾಕ ಬಂದಿ ಏನು?"

"ಅಲ್ಲ ಆಯಿ, ಹಕ್ಕಿ ನೋಡೋಕೆ."

"ನೋಡಪ್ಪ, ಬ್ಯಾಡ ಅನ್ನಂಗಿಲ್ಲ. ಇನ್ನಾ ಎಷ್ಟೊತ್ತು ಇರ್ತಿ?"

"ಎಂಟಕ್ಕೆ ಬಸ್ಸು."

ಅಜ್ಜಿ ನೆಲ ನೋಡುತ್ತಾ ಹೇಳಿದಳು. "ಮನ್ಯಾಗ ಸಂಡಾಸ ಕಟ್ಟಿಸೀವಿ, ಆದ್ರ ನೀರಿಲ್ದ ಹೈರಾಣ. ತೊಗರಿ ನಿಂತಾಗ ಹೊಲ್ದಾಗ ಹೋಗ್ತಿದ್ವಿ. ಈಗ ರಾಶಿ ಆಗ್ಯಾದ, ಎಲ್ಲಾ ಬಯಲು. ಮರೆ ಆಗಾಕ ಈ ಜಾಲಿಕಂಟಿ ಒಂದೇ. ನೀ ಇಲ್ಲಿ ನಿಂತ್ರ ನಾವು ಅಲ್ಲಿ ಕೂಡಾಕ ಆಗಂಗಿಲ್ಲ ನೋಡು. ಉಳದವರು ಹ್ಯಾಂಗರ ತಡಕೋತಾರ. ನನ್ನ ಸೊಸಿ ಎಂಟು ತಿಂಗಳ ಬಸರಿ ಅದಾಳ. ಆಕಿಗೆ ಅಷ್ಟೊತ್ತು ನಿಂದ್ರಾಕ ಆಗಂಗಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆನೇನೋ. ಆಚೆ ದಡದಲ್ಲಿ ಒಬ್ಬಳು ಇನ್ನೊಬ್ಬಳ ಹೆಗಲಿಗೆ ಒರಗಿ ನಿಂತಿದ್ದಳು. ಅವಳನ್ನು ನಾನು ಹಿಂದಿನ ಎರಡು ವಾರವೂ ನೋಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪಾಯ್ತು ಆಯಿ" ಅಂದೆ.

"ನಿನಗೇನು ಗೊತ್ತು ತಮ್ಮಾ. ಪ್ಯಾಟಿ ಹುಡುಗ ಇದ್ದಿ" ಎಂದು ನನಗೇ ಸಮಾಧಾನ ಹೇಳಿ, ಅಜ್ಜಿ ಬಂದ ದಾರಿಯಲ್ಲೇ ವಾಪಸು ಹೊರಟಳು.

ನಾನು ಪೇಟೆ ಹುಡುಗನಲ್ಲ. ಆದರೂ ಆ ಕ್ಷಮೆಯನ್ನು ಸುಮ್ಮನೆ ಜೇಬಿಗಿಳಿಸಿಕೊಂಡೆ. ದುರ್ಬೀನನ್ನು ಚೀಲಕ್ಕೆ ತುರುಕಿ, ಹಿಂದಿರುಗಿ ನೋಡದೆ ಕ್ರಾಸಿಗೆ ಬಂದು ಬಸ್ಸಿಗೆ ಕಾದೆ. ಗೆಳೆಯರಿಗೆ ಹೆಬ್ಬಾತುಗಳು ಹೊರಟುಹೋದವು ಅಂದೆ. ಅವು ಇನ್ನೂ ಒಂದು ತಿಂಗಳು ಅಲ್ಲೇ ಇದ್ದಿರಬೇಕು.

ನಮ್ಮದೂ ಹಳ್ಳಿಯೇ. ಮನೆಗೆ ಶೌಚಾಲಯ ಬಂದದ್ದು ನಾನು ಹೈಸ್ಕೂಲಿಗೆ ಹೋಗುವಾಗ. ಅದಕ್ಕೂ ಮುಂಚೆ, ಸಂತೆ ಮುಗಿಸಿ ಕತ್ತಲಾದ ಮೇಲೆ ಬರುವಾಗ, ಊರು ಹತ್ತಿರವಾಗುತ್ತಿದ್ದಂತೆ ಅಪ್ಪ ಬೈಕಿನ ಲೈಟು ಆರಿಸಿಬಿಡುತ್ತಿದ್ದ. ಜೋರಾಗಿ ಕೆಮ್ಮುತ್ತಾ, ರಸ್ತೆ ಕಾಣದಿದ್ದರೂ ಅಂದಾಜಿನ ಮೇಲೆ ನಿಧಾನವಾಗಿ ಓಡಿಸುತ್ತಿದ್ದ. ಮುಂದೆ ಟ್ಯಾಂಕಿನ ಮೇಲೆ ಕೂತ ನಾನು ಒಮ್ಮೆ ಹೆದರಿ, ಲೈಟು ಯಾಕೆ ಆರಿಸ್ತೀಯ ಎಂದು ಕೇಳಿದ್ದೆ.

"ಅಲ್ಲಿ ನಿಮ್ಮಮ್ಮನೂ ಇರಬೋದು ಕಣಪ್ಪಾ" ಅಂದಿದ್ದ.