ಕಣಿಲೆ ಪಲ್ಯದ ಮೇಲೆ ಒಂದು ಸುಳ್ಳು ಕೇಸು

ಕಳೆದ ವಾರ ಕುಶಾಲನಗರದಲ್ಲಿ ನನ್ನ ತಂಗಿ ಗೀತಾಳ ಗೃಹಪ್ರವೇಶ. ಮರುದಿನ ಬೆಳಿಗ್ಗೆ ಹನ್ನೊಂದು ಜನ ನೆಂಟರಿಷ್ಟರು ಪದೇ ಪದೇ ಪ್ರವೇಶ ಮಾಡಿದ್ದು ಮಾತ್ರ ಅವರವರ ಮನೆಯ ಟಾಯ್ಲೆಟ್ಟಿಗೆ!

ಹತ್ತು ಗಂಟೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ತೀರ್ಪು ಬಂತು. ಅಪರಾಧಿ, ಕಣಿಲೆ ಪಲ್ಯ. (ಎಳೆ ಬಿದಿರು. ನೀರು ಬದಲಿಸುತ್ತಾ ನೆನೆಸದಿದ್ದರೆ ಹೊಟ್ಟೆಗೆ ಆಗದು.) ಸಹ ಅಪರಾಧಿ, ಅಡುಗೆಯ ಸಾವಿತ್ರಕ್ಕ. ಪಕ್ಕದ ಮನೆಯ ಲೀಲಮ್ಮ ಮಗಳ ಮದುವೆಯ ಅಡುಗೆಯನ್ನು ಸಾವಿತ್ರಕ್ಕನಿಗೇ ಒಪ್ಪಿಸಿದ್ದರು. ಟಾಯ್ಲೆಟ್ಟಿಂದ ಈಚೆ ಬಂದವರೇ ಫೋನ್ ಮಾಡಿ ಬೇಡ ಅಂದುಬಿಟ್ಟರು.

ಸಾವಿತ್ರಕ್ಕ ಅಳುತ್ತಾ ತಂಗಿಯ ಮನೆಗೆ ಬಂದರು. ನನ್ನನ್ನು ನೋಡಿ, "ಟೀಚರೇ, ಮೂರು ದಿನ ನೀರು ಬದ್ಲಾಯ್ಸಿದೀನಿ. ನಂಗೊತ್ತಿಲ್ವಾ ಕಣಿಲೆ?" ಅಂದರು.

ನಾನು ತಲೆಯಾಡಿಸಿದೆ. ಆದರೂ ಮನಸ್ಸಿನಲ್ಲಿ, ಕಣಿಲೆಯೇ ಇರಬೇಕು ಅನ್ನಿಸಿತ್ತು. ಹನ್ನೊಂದು ಜನ ಸುಳ್ಳು ಹೇಳ್ತಾರಾ?

ಗೀತಾಳ ಮಗಳು ಸಹನಾ ಮೈಸೂರಿನಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಾಳೆ. (ಅಂದರೆ ಏನು ಅಂತ ನಾವ್ಯಾರೂ ಅದುವರೆಗೆ ಕೇಳಿರಲಿಲ್ಲ.) ಅವಳು ನೋಟ್‌ಬುಕ್ ತಂದು ಕೂತಳು.

"ದೊಡ್ಡಮ್ಮ, ಹುಷಾರಿಲ್ದವರನ್ನ ಮಾತ್ರ ಕೇಳಿದ್ರೆ ಏನು ಪ್ರಯೋಜನ? ಚೆನ್ನಾಗಿರೋರೂ ಏನು ತಿಂದ್ರು ಅಂತ ಕೇಳ್ಬೇಕು. ಆಮೇಲೆ ಎರಡನ್ನೂ ಹೋಲಿಸ್ಬೇಕು. ಇದಕ್ಕೆ ಕೇಸ್ ಕಂಟ್ರೋಲ್ ಸ್ಟಡಿ ಅಂತಾರೆ. ಹುಷಾರಿಲ್ದವರು ಕೇಸ್, ಚೆನ್ನಾಗಿರೋರು ಕಂಟ್ರೋಲ್."

ಚೆನ್ನಾಗಿದ್ದವರನ್ನು ಹಿಡಿದು ವಿಚಾರಿಸುವುದಾ? ಯಾವ ಪೊಲೀಸರು ಹಾಗೆ ಮಾಡ್ತಾರೆ? ಆದರೂ ಫೋನ್ ಮಾಡುವ ಕೆಲಸ ನಾನೇ ವಹಿಸಿಕೊಂಡೆ. ನಂಗೇನೂ ಆಗಿರಲಿಲ್ಲವಲ್ಲ. ನಾನೂ ಒಬ್ಬಳು ಕಂಟ್ರೋಲ್!

ಹುಷಾರಿಲ್ಲದವರ ನೆನಪಿನ ಶಕ್ತಿ ಕಂಡು ದಂಗಾದೆ. ಲೀಲಮ್ಮ ಎಲೆಯ ತುದಿಯ ಉಪ್ಪಿನಿಂದ ಶುರು ಮಾಡಿ ಎಲ್ಲ ಒಪ್ಪಿಸಿದರು. "ಕಣಿಲೆ ಬಾಯಿಗಿಟ್ಟಾಗ್ಲೇ ಡೌಟ್ ಬಂತು ನಂಗೆ." ಹಾಗಾದರೆ ಎರಡು ಸಲ ಯಾಕೆ ಹಾಕಿಸಿಕೊಂಡಿರಿ ತಾಯೀ? (ಕೇಳಲಿಲ್ಲ.)

ಚೆನ್ನಾಗಿದ್ದವರೋ, "ಊಟ ಚೆನ್ನಾಗಿತ್ತು" ಅನ್ನುವುದರ ಆಚೆಗೆ ಏನೂ ಹೇಳಲಾರರು. "ಹೊಟ್ಟೆ ಕೆಟ್ಟವರು ಕೂತು ಕೂತು ಯೋಚ್ನೆ ಮಾಡಿರ್ತಾರೆ. ಅದಕ್ಕೇ ನೆನಪು ಜಾಸ್ತಿ. ಮೆನು ಓದಿ ಒಂದೊಂದಾಗಿ ಕೇಳಿ," ಅಂದಳು ಸಹನಾ. ಓದಿದೆ. ಒಂದೊಂದಾಗಿ ನೆನಪಾಯಿತು.

ಸಂಜೆ ಲೆಕ್ಕ ನೋಡಿದರೆ, ಕಣಿಲೆಯನ್ನು ಹುಷಾರಿಲ್ಲದವರು ಎಷ್ಟು ತಿಂದಿದ್ದರೋ ಚೆನ್ನಾಗಿದ್ದವರೂ ಅಷ್ಟೇ ತಿಂದಿದ್ದರು! ಹುಷಾರಿಲ್ಲದವರ ಪಟ್ಟಿಯಲ್ಲೇ ಹೆಚ್ಚಾಗಿ, ನನ್ನ ಕಣ್ಣಿಗೆ ಮೊದಲು ಎದ್ದು ಕಂಡದ್ದು ಬೀಡ.

"ಬೀಡವೇ!" ಅಂತ ನಾನು ಚಪ್ಪಾಳೆ ತಟ್ಟಿದೆ.

"ಇರಿ ದೊಡ್ಡಮ್ಮ. ಬೀಡ ಇಟ್ಟಿದ್ದ ಟೇಬಲ್ ಮೇಲೇ ಇನ್ನೊಂದು ಐಟಂ ಇತ್ತು. ಬೀಡ ತಗೊಂಡವರಲ್ಲಿ ಜಾಸ್ತಿ ಜನ ಅದನ್ನೂ ತಿಂದಿದಾರೆ. ಬರೀ ಬೀಡ ತಿಂದವರಿಗೆ ಏನೂ ಆಗಿಲ್ಲ. ಅದನ್ನ ತಿಂದು ಬೀಡ ಬಿಟ್ಟವರಿಗೆ ಆಗಿದೆ."

"ಏನದು?"

ಸಹನಾ ನೋಟ್‌ಬುಕ್ ಮುಚ್ಚಿದಳು. "ನಿಮ್ಮ ಫ್ರೂಟ್ ಸಲಾಡ್."

ಹೌದು ಓದುಗರೇ, ನನ್ನದು. ಹಿಂದಿನ ದಿನವೇ ಮಡಿಕೇರಿಯ ನನ್ನ ಮನೆಯಲ್ಲಿ ಕಸ್ಟರ್ಡ್ ಹಾಕಿ ಮಾಡಿದ್ದೆ. ಕರೆಂಟ್ ಹೋಗಿ ಬೆಳಗಿನವರೆಗೂ ಬಂದಿರಲಿಲ್ಲ. ಬಸ್ಸಿನಲ್ಲಿ ಬಕೆಟ್ ಚೆಲ್ಲದಿರಲೆಂದು ಡ್ರೈವರ್ ಪಕ್ಕದ ಎಂಜಿನ್ ಮೇಲೆ ಇಟ್ಟುಕೊಂಡು ಬಂದಿದ್ದೆ. ಬೆಚ್ಚಗೆ, ಮಗುವಿನ ಹಾಗೆ. ನನಗೆ ಶುಗರ್. ಒಂದು ಚಮಚವೂ ಮುಟ್ಟಿರಲಿಲ್ಲ.

"ಹುಷಾರಿಲ್ದವರಲ್ಲಿ ಒಬ್ರು ತಿಂದಿಲ್ಲ ಅಂದಿದಾರಲ್ಲ, ಶಂಕರ ಮಾಮ?" ಕೊನೆಯ ಆಸೆಯಿಂದ ಕೇಳಿದೆ.

"ಅವರಿಗೂ ಶುಗರ್. ನೀವು ಫೋನ್ ಮಾಡಿದಾಗ ಮಾಮನ ಪಕ್ಕದಲ್ಲೇ ಅತ್ತೆ ಇದ್ರು. ತಿಂದೆ ಅಂತಾರಾ?"

"ಹಾಗಾದ್ರೂ ಇದು ಪ್ರೂಫ್ ಆಯ್ತಾ?"

"ಪಕ್ಕಾ ಪ್ರೂಫ್ ಅಲ್ಲ. ನಾವು ಆಗಿದ್ದನ್ನ ನೋಡಿ ಹೇಳ್ತಿದೀವಿ ಅಷ್ಟೇ. ಪಕ್ಕಾ ಮಾಡ್ಬೇಕಂದ್ರೆ ಅದೇ ಸಲಾಡ್ ಅರ್ಧ ಜನಕ್ಕೆ ತಿನ್ನಿಸಿ, ಅರ್ಧ ಜನಕ್ಕೆ ಬಿಟ್ಟು ನೋಡ್ಬೇಕು. ಮಾಡೋಣ್ವಾ?"

ಬೇಡ ಅಂದೆ. ಗೀತಾ ನನಗಿಂತ ಜೋರಾಗಿ ಬೇಡ ಅಂದಳು.

ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳಿ ಅಂತ ಪಾಠ ಮಾಡಿದವಳು ನಾನು. ಮೊದಲು ಸಾವಿತ್ರಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟರು. "ನಂಗೆ ಹೇಳಿದ್ರೆ ಏನ್ ಬಂತು ಟೀಚರೇ? ಲೀಲಮ್ಮಂಗೆ ಹೇಳಿ," ಅಂದರು. ನ್ಯಾಯವೇ ತಾನೆ?

ಲೀಲಮ್ಮನ ಮುಂದೆ ಕೂತು ಬಸ್ಸು, ಬಕೆಟ್, ಎಂಜಿನ್ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಅವರ ಕಣ್ಣಲ್ಲಿ ನೀರು!

"ಎಂಥಾ ದೊಡ್ಡ ಮನಸ್ಸು ನಿಮ್ದು ಟೀಚರ್! ಆ ಪಾಪದವಳನ್ನ ಉಳ್ಸೋಕೆ ತಪ್ಪು ನಿಮ್ಮ ಮೇಲೆ ಹಾಕ್ಕೋತಿದೀರಲ್ಲ!"

"ಅಯ್ಯೋ, ನಿಜವಾಗ್ಲೂ ನಂದೇ!"

"ಸಾಕು ಬಿಡಿ, ನಂಗೆ ಅರ್ಥ ಆಗುತ್ತೆ. ನಿಮ್ಮ ಮುಖ ನೋಡಿ ಸಾವಿತ್ರಕ್ಕಂಗೇ ಅಡುಗೆ ಕೊಡ್ತೀನಿ. ಆದ್ರೆ ಕಣಿಲೆ ಬೇಡ." ನನ್ನ ಕೈ ಹಿಡಿದುಕೊಂಡು ಮುಂದುವರಿಸಿದರು: "ಮತ್ತೆ, ಫ್ರೂಟ್ ಸಲಾಡ್ ಮಾತ್ರ ನೀವೇ ಮಾಡಿ ತರ್ಬೇಕು!"

ಹೊಟ್ಟೆ ಕೆಟ್ಟರೆ ಓಆರ್‌ಎಸ್ ಕುಡಿಸಬಹುದು. ತಲೆಯೊಳಗೆ ಕೂತ ಕಣಿಲೆಗೆ ಏನು ಕುಡಿಸೋಣ?